ಒಬ್ಬನೇ ಆಡುವ ಆಟಕ್ಕೂ ಕಾವಲೇ?

ರಾತ್ರಿ ಹನ್ನೊಂದರ ಮೇಲೆ ಊರಿನಿಂದ ದೂರವಾಣಿ ಕರೆ ಬಂದರೆ ನಮ್ಮ ವಯಸ್ಸಿನವರ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಮೈಸೂರಿನ ಮನೆಯಲ್ಲಿ ಹಿರಿಯರಿದ್ದಾರೆ. ಆದರೆ ಆ ರಾತ್ರಿ ಹಿರಿಯರೆಲ್ಲ ಸುಖವಾಗಿ ನಿದ್ರಿಸುತ್ತಿದ್ದರು. ಎಚ್ಚರವಿದ್ದವನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಅಕ್ಕನ ಮಗನೊಬ್ಬನೇ. 'ಮಾವ, ನನ್ನ ಅಕೌಂಟ್ ಹೋಗಿಬಿಡುತ್ತಾ?' ಎಂದ. ಬ್ಯಾಂಕಿನ ಖಾತೆ ಇರಬಹುದೆಂದು ಗಾಬರಿಯಾಗಿ ಎದ್ದು ಕೂತೆ. ಅಲ್ಲ, ಅದು ಆಟದ ಖಾತೆ.

ಅವನು ಮಾಡಿದ್ದ ಅಪರಾಧ ಇಷ್ಟೇ. 'ಗ್ರ್ಯಾಂಡ್ ಥೆಫ್ಟ್ ಆಟೊ 5' ಎಂಬ ಗಣಕಯಂತ್ರದ ಆಟವಿದೆ. ಲಾಸ್ ಏಂಜಲೀಸ್ ನಗರದ ಅಚ್ಚಿನಲ್ಲೇ ಕಟ್ಟಿದ ಲಾಸ್ ಸಾಂಟೋಸ್ ಎಂಬ ಕಾಲ್ಪನಿಕ ಊರಿನಲ್ಲಿ ಅದರ ಕಥೆ ನಡೆಯುತ್ತದೆ. ಆ ಊರಿನ ಸಮುದ್ರದಂಡೆಯ ರಸ್ತೆಗೆ ನಮ್ಮ ಹುಡುಗ ಬೆಂಗಳೂರಿನ ಹಸಿರು-ಹಳದಿ ಆಟೊರಿಕ್ಷಾವೊಂದನ್ನು ಇಳಿಸಿದ್ದ. ಯಾರೋ ಪುಣ್ಯಾತ್ಮರು ರೂಪಿಸಿ ಬಿಟ್ಟಿದ್ದ ಗಾಡಿಯನ್ನು ಪಡೆದು, ಮೂರು ರಾತ್ರಿ ಕೂತು ಬಣ್ಣ ಬದಲಿಸಿ, ಹಿಂಬದಿಗೆ ಶಂಕರ್‌ನಾಗ್ ಚಿತ್ರ ಅಂಟಿಸಿದ್ದ. ಅದೂ ತಾನೊಬ್ಬನೇ ಆಡುವ ಕಥಾಭಾಗದಲ್ಲಿ. ಎದುರಾಳಿಯಿಲ್ಲ, ಪಂದ್ಯವಿಲ್ಲ, ಪಣವಿಲ್ಲ. ಆದರೂ ಹೆದರಿದ್ದ. ಅದಕ್ಕೆ ಕಾರಣವೂ ಇತ್ತು. ಹಾಸ್ಟೆಲಿನಲ್ಲಿದ್ದ ಅವನ ಗೆಳೆಯನೊಬ್ಬನ ಖಾತೆಗೆ, ಬೇರೆ ಆಟವೊಂದರಲ್ಲಿ, ಶಾಶ್ವತ ನಿಷೇಧದ ಮುದ್ರೆ ಬಿದ್ದು ಆಗಷ್ಟೇ ಒಂದು ವಾರವಾಗಿತ್ತು. ಹುಟ್ಟುಹಬ್ಬದ ದುಡ್ಡು, ಅಜ್ಜಿ ಕೊಟ್ಟ ದುಡ್ಡು, ವಿದ್ಯಾರ್ಥಿವೇತನದಲ್ಲಿ ಉಳಿಸಿದ ದುಡ್ಡು ಸೇರಿಸಿ ನಾಲ್ಕು ವರ್ಷ ಕೂಡಿಸಿದ ಆಟಗಳು ತನಗೂ ಇಲ್ಲವಾದಾವು ಎಂಬುದು ಅವನ ಚಿಂತೆ.

ತಂತ್ರಾಂಶದ ಪರೀಕ್ಷೆ ನನ್ನ ಹೊಟ್ಟೆಪಾಡು. ಬೇರೆಯವರು ಬರೆದದ್ದರಲ್ಲಿ ಹುಳುಕು ಹುಡುಕುವ ಕೆಲಸ. ಹಾಗಾಗಿ ಮನೆಯವರು ಗಣಕಕ್ಕೆ ಸಂಬಂಧಿಸಿದ ಸಕಲ ಸಂಕಟಗಳಿಗೂ ನನ್ನನ್ನೇ ವೈದ್ಯನೆಂದು ತಿಳಿದಿದ್ದಾರೆ. ಅಂದು ರಾತ್ರಿ 'ಏನೂ ಆಗಲ್ಲ, ಮಲಕ್ಕೋ' ಎಂದು ಹೇಳಿ ಫೋನ್ ಇಟ್ಟೆನಾದರೂ, ಆ ಮಾತನ್ನು ಯಾವ ಆಧಾರದ ಮೇಲೆ ಹೇಳಿದೆನೆಂಬ ಪ್ರಶ್ನೆ ನನ್ನನ್ನೇ ಕಾಡತೊಡಗಿತು. ಬಿಡುವಿನ ವೇಳೆಯಲ್ಲಿ ಹುಡುಕುತ್ತಾ ಹೋದಂತೆ, ಇದು ಮಕ್ಕಳಾಟದ ವಿಷಯವಲ್ಲ, ನಾವು ಹಣ ಕೊಟ್ಟು ಮನೆಗೆ ತಂದ ವಸ್ತುವಿನ ಮೇಲೆ ನಮಗೆಷ್ಟು ಅಧಿಕಾರವಿದೆ ಎಂಬ ದೊಡ್ಡವರ ವಿಷಯ ಎಂಬುದು ಮನವರಿಕೆಯಾಯಿತು.

ಮೊದಲು ಪದದ ಅರ್ಥ. ಕಂಪನಿಯೊಂದು ತಯಾರಿಸಿ ಮಾರಿದ ಆಟದಲ್ಲಿ ಆಡುವವರು ತಾವೇ ಮಾಡಿಕೊಳ್ಳುವ ಮಾರ್ಪಾಡಿಗೆ 'ಮಾಡ್' ಎನ್ನುತ್ತಾರೆ. ಇಂಗ್ಲಿಷಿನ 'ಮಾಡಿಫಿಕೇಶನ್' ಎಂಬುದರ ತುಂಡು ರೂಪವಿದು. ಕನ್ನಡಿಗನ ಕಿವಿಗೆ 'ಮಾಡು' ಎಂದೇ ಕೇಳುತ್ತದೆ; ಅರ್ಥವೂ ಬಹಳ ದೂರ ಹೋಗುವುದಿಲ್ಲ. ಚೆಕ್ ಗಣರಾಜ್ಯದ ಸಂಸ್ಥೆಯೊಂದು 2012ರಲ್ಲಿ ಹೊರತಂದ 'ಯೂರೋ ಟ್ರಕ್ ಸಿಮ್ಯುಲೇಟರ್ 2' ಎಂಬ ಆಟದಲ್ಲಿ ಯುರೋಪಿನ ಹೆದ್ದಾರಿಗಳಲ್ಲಿ ಲಾರಿ ಓಡಿಸಬೇಕು. ನಮ್ಮ ಹುಡುಗರಿಗೆ ಲಾರಿ ಸಾಲಲಿಲ್ಲ. ಕೆಎಸ್‌ಆರ್‌ಟಿಸಿಯ ಐರಾವತ ಬಸ್ಸಿನ ಮೈಬಣ್ಣ, ಕನ್ನಡದ ಮಾರ್ಗಫಲಕ ಎಲ್ಲವನ್ನೂ ತಯಾರಿಸಿ ಜರ್ಮನಿಯ ರಸ್ತೆಯಲ್ಲಿ ಓಡಿಸಿದರು. ನಮ್ಮ ಸೋದರಳಿಯನ ಮೊದಲ ಪಾಠವೂ ಅಲ್ಲೇ ಆಯಿತು. ಚಿತ್ರವೊಂದನ್ನು ಮೂರು ಆಯಾಮದ ವಸ್ತುವಿಗೆ ಹೊದಿಸುವುದು ಹೇಗೆಂದು ಅವನಿಗೆ ಕಾಲೇಜು ಕಲಿಸುವ ಮೊದಲೇ ಆ ಬಸ್ಸು ಕಲಿಸಿತು.

ಮಾಡ್‌ಗಳ ವಂಶಾವಳಿಯೇನೂ ಕಡಿಮೆಯದಲ್ಲ. ಅಮೆರಿಕದ ವಾಲ್ವ್ ಸಂಸ್ಥೆ 1998ರಲ್ಲಿ 'ಹಾಫ್-ಲೈಫ್' ಎಂಬ ಆಟವನ್ನು ಬಿಡುಗಡೆ ಮಾಡಿತು. ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು ಅದನ್ನು ಬಿಚ್ಚಿ, ತಿದ್ದಿ, 1999ರಲ್ಲಿ 'ಕೌಂಟರ್-ಸ್ಟ್ರೈಕ್' ಎಂಬ ಹೊಸ ಆಟವನ್ನೇ ಕಟ್ಟಿದರು. ವಾಲ್ವ್ ಸಿಟ್ಟಾಗಲಿಲ್ಲ. ಮರುವರ್ಷ ಆಟವನ್ನೂ ಅದನ್ನು ಕಟ್ಟಿದವರನ್ನೂ ತನ್ನಲ್ಲಿಗೆ ಕರೆದುಕೊಂಡಿತು. ಅದರ ಜನಪ್ರಿಯತೆ ಏರಿದಂತೆ ಅಂತರಜಾಲದ ಪಂದ್ಯಗಳಲ್ಲಿ ಗೋಡೆಯಾಚೆ ನೋಡುವವರು, ಗುರಿಯಿಡದೆಯೇ ಗುಂಡು ತಾಗಿಸುವವರು ಹುಟ್ಟಿಕೊಂಡರು. ಅವರನ್ನು ಹಿಡಿಯಲು 2002ರಲ್ಲಿ 'ವಾಲ್ವ್ ಆಂಟಿ-ಚೀಟ್', ಸಂಕ್ಷೇಪದಲ್ಲಿ ವ್ಯಾಕ್, ಎಂಬ ಮೋಸತಡೆ ತಂತ್ರಾಂಶ ಬಂತು. ಯಾವ ಆಟ ಸ್ವತಃ ಮಾಡ್ ಆಗಿ ಹುಟ್ಟಿತ್ತೋ ಅದರ ಬಾಗಿಲಿಗೇ ಮಾರ್ಪಾಡುಗಳನ್ನು ತಪಾಸಣೆ ಮಾಡುವ ಕಾವಲುಗಾರ ಬಂದು ನಿಂತ.

ಆ ಕಾವಲುಗಾರನ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ನಾಲ್ವರು ಕೂತು ಚೌಕಾಬಾರ ಆಡುವಾಗ ಒಬ್ಬ ಕವಡೆಯನ್ನು ಬೆರಳಿನಲ್ಲಿ ಮಗುಚಿದರೆ ಉಳಿದ ಮೂವರ ಸಂಜೆ ಹಾಳು. ಆದರೆ ಮಳೆಗಾಲದ ಮಧ್ಯಾಹ್ನ ಒಬ್ಬನೇ ಕೂತು ಇಸ್ಪೀಟೆಲೆ ಜೋಡಿಸುವವನು ಕೆಳಗಿನ ಎಲೆಯನ್ನು ಕದ್ದು ನೋಡಿದರೆ ಮೋಸ ಹೋದವರು ಯಾರು? ಈ ವ್ಯತ್ಯಾಸವನ್ನು ವ್ಯಾಕ್‌ನ ನಿಯಮವೂ ಒಪ್ಪುತ್ತದೆ. ವ್ಯಾಕ್‌ನ ರಕ್ಷಣೆಯಿರುವ ಸರ್ವರಿಗೆ ಮೋಸದ ತಂತ್ರಾಂಶದೊಡನೆ ಸಂಪರ್ಕ ಹೊಂದಿದಾಗ ಮಾತ್ರ ಅದು ಶಿಕ್ಷಿಸುತ್ತದೆ. ಮನೆಯೊಳಗೆ ಒಬ್ಬನೇ ಆಡುವವನ ಬಗ್ಗೆ ಅದಕ್ಕೆ ಆಸಕ್ತಿಯಿಲ್ಲ. ಶಿಕ್ಷೆ ಬಿದ್ದರೂ ಅದು ಆ ಆಟದ ರಕ್ಷಿತ ಸರ್ವರುಗಳಿಗೆ ಸೀಮಿತ. ಒಬ್ಬನೇ ಆಡುವ ಭಾಗ ಹಾಗೆಯೇ ಉಳಿಯುತ್ತದೆ. ಇನ್ನು 2011ರ 'ಸ್ಕೈರಿಮ್'ನಂಥ ಆಟಗಳಿಗೆ ಕಾವಲುಗಾರನೇ ಇಲ್ಲ. ತಯಾರಕರೇ ಮಾರ್ಪಾಡಿನ ಸಲಕರಣೆಗಳನ್ನು ಹಂಚಿದ್ದಾರೆ. ಅಲ್ಲಿ ಮಾಡ್ ಹಾಕಿ ನಿಷೇಧಕ್ಕೆ ಹೆದರುವುದೆಂದರೆ ನಮ್ಮ ಮನೆಯ ಹಿತ್ತಿಲಿನಲ್ಲಿ ನಡೆಯಲು ಪೊಲೀಸರ ಅನುಮತಿ ಕೇಳಿದಂತೆ. ಐರಾವತ ಓಡಿಸುವ ಟ್ರಕ್ ಆಟದ್ದೂ ಇದೇ ಕಥೆ.

ಹಾಗಾದರೆ ಹುಡುಗ ಹೆದರಿದ್ದು ಸುಮ್ಮನೆಯೇ? ಹಾಗೆಂದು ಹೇಳಿ ಮುಗಿಸುವಂತಿಲ್ಲ. ತೊಡಕು ಹುಟ್ಟುವುದು ಒಂದೇ ಆಟದಲ್ಲಿ ಎರಡು ಮನೆಗಳಿದ್ದಾಗ. ಒಳಗೆ ಒಬ್ಬನೇ ಆಡುವ ಕೋಣೆ, ಹೊರಗೆ ಲೋಕವೆಲ್ಲ ಸೇರುವ ಜಗಲಿ. ನಡುವೆ ಒಂದು ಹೊಸಿಲು. ಅದನ್ನು ದಾಟಲು ಒಂದು ಗುಂಡಿ ಒತ್ತಿದರೆ ಸಾಕು. ಗ್ರ್ಯಾಂಡ್ ಥೆಫ್ಟ್ ಆಟೊ 5 ಇಂಥ ಆಟ. 2015ರ ಏಪ್ರಿಲ್‌ನಲ್ಲಿ ಅದು ಗಣಕಕ್ಕೆ ಬಂದ ಕೆಲವೇ ವಾರಗಳಲ್ಲಿ, ಕಂಪನಿ ಹೊರಡಿಸಿದ ತಿದ್ದುಪಡಿಯೊಂದರಿಂದ ಒಳಕೋಣೆಯ ಮಾಡ್‌ಗಳು ಕೆಟ್ಟವು. ಮಾಡ್ ಹಾಕಿದವರನ್ನು ಹೊರಗಟ್ಟುತ್ತಿದ್ದಾರೆಂಬ ಗುಲ್ಲೆದ್ದಿತು. ತಯಾರಕ ಸಂಸ್ಥೆ ರಾಕ್‌ಸ್ಟಾರ್ ಆ ಮೇ ತಿಂಗಳಿನಲ್ಲಿ ಸ್ಪಷ್ಟನೆ ಕೊಡಬೇಕಾಯಿತು: ಮಾಡ್‌ಗಳು ಕೆಟ್ಟದ್ದು ಉದ್ದೇಶಪೂರ್ವಕವಲ್ಲ, ಒಬ್ಬರೇ ಆಡುವ ಭಾಗದಲ್ಲಿ ಮಾರ್ಪಾಡು ಮಾಡಿದ್ದಕ್ಕೆ ಯಾರನ್ನೂ ನಿಷೇಧಿಸಿಲ್ಲ, ಅದಕ್ಕಾಗಿ ಯಾರೂ ಹೆದರಬೇಕಿಲ್ಲ, ಮಾರ್ಪಾಡನ್ನು ಹೊರಗಿನ ಜಗಲಿಗೆ ತರಬಾರದು ಅಷ್ಟೆ. ಇಂಥ ಮಾಡ್‌ಗಳಿಗೆ ಆಧಾರವಾದ 'ಸ್ಕ್ರಿಪ್ಟ್ ಹುಕ್' ಎಂಬ ಉಪಕರಣವನ್ನು ಬರೆದವರೂ ಜಾಣರು. ಆಟಗಾರ ಹೊರಗೆ ಕಾಲಿಟ್ಟೊಡನೆ ಆಟವನ್ನೇ ಮುಚ್ಚಿಬಿಡುವಂತೆ ಅದನ್ನು ರಚಿಸಿದರು. ಕಾವಲುಗಾರನಿಗಿಂತ ಮೊದಲೇ ಮನೆಯವರು ಬಾಗಿಲು ಹಾಕಿಕೊಂಡ ಹಾಗೆ.

ಆದರೆ ಮಾತಿನ ಭರವಸೆ ಎಷ್ಟು ದಿನ ಬಾಳುತ್ತದೆ? 2017ರ ಜೂನ್‌ನಲ್ಲಿ ರಾಕ್‌ಸ್ಟಾರ್‌ನ ಒಡೆತನದ ಟೇಕ್-ಟು ಸಂಸ್ಥೆ, ಸುಮಾರು ಒಂದು ದಶಕದಿಂದ ಮಾಡ್‌ಗಾರರ ಕೈಸಲಕರಣೆಯಾಗಿದ್ದ 'ಓಪನ್‌ಐವಿ'ಯನ್ನು ನಿಲ್ಲಿಸುವಂತೆ ನೋಟಿಸ್ ಕೊಟ್ಟಿತು. ಆಟಗಾರರು ಸಾವಿರಾರು ಸಂಖ್ಯೆಯಲ್ಲಿ ಪ್ರತಿಕೂಲ ವಿಮರ್ಶೆ ಬರೆದು ಪ್ರತಿಭಟಿಸಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಸಂಸ್ಥೆ ಮೆತ್ತಗಾಯಿತು. ಒಬ್ಬರೇ ಆಡುವ, ಲಾಭದ ಉದ್ದೇಶವಿಲ್ಲದ, ಇತರರ ಬೌದ್ಧಿಕ ಸ್ವತ್ತನ್ನು ಗೌರವಿಸುವ ಮಾರ್ಪಾಡುಗಳ ಮೇಲೆ ಸಾಮಾನ್ಯವಾಗಿ ಕಾನೂನು ಕ್ರಮ ಕೈಗೊಳ್ಳುವುದಿಲ್ಲ ಎಂಬ ಹೇಳಿಕೆ ಹೊರಬಿತ್ತು. 'ಸಾಮಾನ್ಯವಾಗಿ' ಎಂಬ ಪದವನ್ನು ವಕೀಲರು ಸುಮ್ಮನೆ ಸೇರಿಸುವುದಿಲ್ಲ. ನಮ್ಮ ಹುಡುಗನ ಆಟೊದ ಮುಖದ ಮೇಲೆ ಅದನ್ನು ತಯಾರಿಸುವ ಕಂಪನಿಯ ಲಾಂಛನವಿತ್ತು. ಕಟ್ಟುನಿಟ್ಟಾಗಿ ಓದಿದರೆ ಆ ಅಭಯಹಸ್ತ ಅವನ ತಲೆಯ ಮೇಲೆ ಬರುತ್ತದೆಯೋ ಇಲ್ಲವೋ!

ಈಗ ಕಾವಲುಗಾರನ ಕಣ್ಣಿನ ವಿಷಯಕ್ಕೆ ಬರೋಣ. ನನ್ನ ವೃತ್ತಿಯ ಅನುಭವ ಸ್ವಲ್ಪ ಉಪಯೋಗಕ್ಕೆ ಬರುವುದು ಇಲ್ಲೇ. ಮೋಸತಡೆ ತಂತ್ರಾಂಶಕ್ಕೆ ಆಟಗಾರನ ಉದ್ದೇಶ ಕಾಣುವುದಿಲ್ಲ. ಅದಕ್ಕೆ ಕಾಣುವುದು ಕಡತಗಳು ಮತ್ತು ಗಣಕದ ಸ್ಮೃತಿ. ಆಟದ ಕಡತ ಕಂಪನಿ ಕೊಟ್ಟ ಹಾಗೆಯೇ ಇದೆಯೇ, ಆಟದ ಸ್ಮೃತಿಯೊಳಗೆ ಹೊರಗಿನ ತಂತ್ರಾಂಶದ ತುಣುಕು ಸೇರಿಕೊಂಡಿದೆಯೇ, ಕುಖ್ಯಾತ ತಂತ್ರಾಂಶಗಳ ಗುರುತು ಎಲ್ಲಾದರೂ ಸಿಗುತ್ತದೆಯೇ ಎಂದು ಅದು ನೋಡುತ್ತದೆ. ಶಂಕರ್‌ನಾಗ್ ಚಿತ್ರದ ಆಟೊ ಓಡಿಸಲು ಆಟದೊಳಗೆ ನುಸುಳುವ ತುಣುಕೂ, ಎದುರಾಳಿಯ ತಲೆಗೆ ತಾನಾಗಿ ಗುರಿಯಿಡಲು ನುಸುಳುವ ತುಣುಕೂ ಒಳಬರುವ ದಾರಿ ಬಹುಮಟ್ಟಿಗೆ ಒಂದೇ. ಕತ್ತಲಲ್ಲಿ ಕಾಂಪೌಂಡ್ ಹಾರಿದವನು ಕಳ್ಳನೋ ಬೀಗದ ಕೈ ಮರೆತ ಮನೆಯವನೋ ಎಂದು ನಾಯಿಗೆ ಹೇಗೆ ತಿಳಿಯಬೇಕು?

ನಾಯಿ ತಪ್ಪಾಗಿ ಕಚ್ಚಿದ್ದಕ್ಕೂ ದಾಖಲೆಯಿದೆ. 2010ರ ಜುಲೈನಲ್ಲಿ 'ಮಾಡರ್ನ್ ವಾರ್‌ಫೇರ್ 2' ಆಟದ ಸುಮಾರು 12,000 ಮಂದಿಯನ್ನು ವ್ಯಾಕ್ ತಪ್ಪಾಗಿ ನಿಷೇಧಿಸಿತು. ಡಿಸ್ಕಿನಲ್ಲಿದ್ದ ಕಡತಕ್ಕೂ ಸ್ಮೃತಿಯಲ್ಲಿದ್ದ ಅದರ ಪ್ರತಿಗೂ ಹೊಂದಿಕೆಯಾಗಿರಲಿಲ್ಲ. ಆ ವ್ಯತ್ಯಾಸಕ್ಕೆ ಕಾರಣ ವಾಲ್ವ್‌ನದೇ ಸ್ಟೀಮ್ ತಂತ್ರಾಂಶದ ಪರಿಷ್ಕರಣೆ. ಸಂಸ್ಥೆಯ ಮುಖ್ಯಸ್ಥ ಗೇಬ್ ನ್ಯೂವೆಲ್ ಕ್ಷಮೆ ಕೇಳಿ, ನಿಷೇಧ ತೆರವು ಮಾಡಿ, ಪ್ರಾಯಶ್ಚಿತ್ತವಾಗಿ ಇನ್ನೊಂದು ಆಟವನ್ನು ಉಚಿತವಾಗಿ ಕೊಟ್ಟರು. 2023ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಹೀಗಾಯಿತು. ಎಎಮ್‌ಡಿ ಸಂಸ್ಥೆ ತನ್ನ ಗ್ರಾಫಿಕ್ಸ್ ಕಾರ್ಡಿನ ಚಾಲಕ ತಂತ್ರಾಂಶದಲ್ಲಿ, ಆಟದ ಸ್ಪಂದನ ಚುರುಕಾಗಲೆಂದು 'ಆಂಟಿ-ಲ್ಯಾಗ್ ಪ್ಲಸ್' ಎಂಬ ಸೌಲಭ್ಯವನ್ನು ಸೇರಿಸಿತು. ಅದು ಆಟದ ಒಳಗೆ ಕೈಹಾಕಿ ಕೆಲಸ ಮಾಡುತ್ತಿತ್ತು. 'ಕೌಂಟರ್-ಸ್ಟ್ರೈಕ್ 2' ಆಡುತ್ತಿದ್ದವರು ಆ ಗುಂಡಿ ಒತ್ತಿದ್ದಕ್ಕೆ ನಿಷೇಧಕ್ಕೊಳಗಾದರು. ಕಾರ್ಡ್ ತಯಾರಿಸಿದ ಕಂಪನಿಯೇ ಕೊಟ್ಟ ಗುಂಡಿ! ಎಎಮ್‌ಡಿ ಆ ಚಾಲಕವನ್ನು ಹಿಂತೆಗೆದುಕೊಂಡಿತು, ವಾಲ್ವ್ ನಿಷೇಧಗಳನ್ನು ತೆರವು ಮಾಡತೊಡಗಿತು. ಈ ಎರಡೂ ಪ್ರಸಂಗಗಳಲ್ಲಿ ಸಂಖ್ಯೆ ದೊಡ್ಡದಿತ್ತು, ಗದ್ದಲವಾಯಿತು, ನ್ಯಾಯ ಸಿಕ್ಕಿತು. ಹಾಸನದ ಹುಡುಗನೊಬ್ಬನಿಗೆ ಒಂಟಿಯಾಗಿ ಹೀಗಾದರೆ ಗದ್ದಲ ಮಾಡುವವರು ಯಾರು?

ಹಾಸನದ ಹುಡುಗನೆಂದರೆ ಸೋದರಳಿಯನ ಆ ಗೆಳೆಯನೇ. ಅವನೊಡನೆ ನಾನು ಮಾತನಾಡಿದೆ. ಆಟದ ಹೆಸರು ಇಲ್ಲಿ ಬೇಡ. ಒಬ್ಬನೇ ಆಡುವ ಭಾಗದಲ್ಲಿ ಕಷ್ಟದ ಘಟ್ಟವೊಂದನ್ನು ದಾಟಲಾಗದೆ, ಸ್ಮೃತಿಯಲ್ಲಿನ ಅಂಕಿಗಳನ್ನು ಬದಲಿಸುವ ತಂತ್ರಾಂಶವೊಂದನ್ನು ಬಳಸಿ ಗುಂಡುಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡಿದ್ದಾನೆ. ಅಷ್ಟರಲ್ಲಿ ಗೆಳೆಯರು ಕೂಗಿದ್ದಾರೆ, 'ಬಾರೋ, ಒಬ್ಬ ಕಮ್ಮಿ ಇದಾನೆ' ಎಂದು. ಎದ್ದು ಹೋಗಿ ಊಟದ ತಟ್ಟೆ ತೊಳೆದಿಟ್ಟು ಬಂದು, ಆ ತಂತ್ರಾಂಶವನ್ನು ಮುಚ್ಚುವುದನ್ನೇ ಮರೆತು, ಜಗಲಿಗೆ ಕಾಲಿಟ್ಟಿದ್ದಾನೆ. ಅರ್ಧ ಗಂಟೆ ಆಡಿ ಸೋತೂ ಇದ್ದಾನೆ. ಮೂರು ದಿನದ ಮೇಲೆ ನಿಷೇಧದ ಪತ್ರ ಬಂತು. ಮೇಲ್ಮನವಿ ಬರೆದ. ಎರಡು ಸಾಲಿನ ಉತ್ತರ ಬಂತು: ಪರಿಶೀಲಿಸಲಾಗಿದೆ, ತೀರ್ಮಾನ ಅಂತಿಮ. ಏನು ಸಿಕ್ಕಿತು, ಯಾವಾಗ ಸಿಕ್ಕಿತು ಎಂಬ ವಿವರವಿಲ್ಲ. ಕಾರಣ ಹೇಳಿದರೆ ನಿಜವಾದ ಮೋಸಗಾರರು ಪಾಠ ಕಲಿತುಬಿಡುತ್ತಾರೆಂಬುದು ಕಂಪನಿಗಳ ವಾದ. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಆರೋಪ ಹೊರಿಸುವವರೂ, ವಿಚಾರಿಸುವವರೂ, ಶಿಕ್ಷಿಸುವವರೂ ಒಬ್ಬರೇ ಆದಾಗ, ಸಾಕ್ಷ್ಯವನ್ನೂ ಮುಚ್ಚಿಟ್ಟರೆ ಅದು ನಮ್ಮ ಹಳ್ಳಿಗಳ ಹಳೆಯ ಬಹಿಷ್ಕಾರದ ಕಟ್ಟೆಯನ್ನು ನೆನಪಿಸುತ್ತದೆ. 'ಸರ್, ನಾನು ಯಾರಿಗೂ ಮೋಸ ಮಾಡಿಲ್ಲ, ಸೋತಿದೀನಿ ಕೂಡ' ಎಂದ ಹುಡುಗ. ಅವನ ದನಿಯಲ್ಲಿದ್ದದ್ದು ದುಡ್ಡು ಹೋದ ಸಂಕಟಕ್ಕಿಂತ ಹೆಚ್ಚಾಗಿ ಅವಮಾನ. ಗೆಳೆಯರ ಬಳಗದಲ್ಲಿ ಅವನೀಗ ಮೋಸಗಾರ.

ತಂತ್ರಾಂಶವನ್ನು ಮುಚ್ಚಿದ್ದರೂ ಸಾಲದಾಗುವ ಸಂದರ್ಭಗಳಿವೆ. ಮಾಡ್ ಹೋದರೂ ಅದರ ಗುರುತು ಉಳಿಸಿಟ್ಟ ಆಟದ ಕಡತದಲ್ಲಿ ಉಳಿಯಬಹುದು. 2022ರಲ್ಲಿ ಬಂದ ಜಪಾನಿನ 'ಎಲ್ಡನ್ ರಿಂಗ್' ಆಟದಲ್ಲಿ ಒಂದು ವಿಲಕ್ಷಣ ಪ್ರಸಂಗ ನಡೆಯಿತು. ತಯಾರಕರು ಅಂತಿಮ ರೂಪದಲ್ಲಿ ಕೈಬಿಟ್ಟಿದ್ದ ಒಳಉಡುಪೊಂದನ್ನು ಕೆಲವು ಕಿಡಿಗೇಡಿಗಳು ಹೇಗೋ ಹೊರತೆಗೆದು, ಅಂತರಜಾಲದಲ್ಲಿ ಎದುರಾದವರಿಗೆ ದಾನ ಮಾಡತೊಡಗಿದರು. ಕಂಪನಿಯ ಲೆಕ್ಕದಲ್ಲಿ ಅದು ಅಕ್ರಮ ವಸ್ತು. ಏನೂ ಅರಿಯದೆ ಹೆಕ್ಕಿಕೊಂಡವರು ಎಚ್ಚರಿಕೆ, ನಿರ್ಬಂಧ ಎದುರಿಸಿದ್ದು ವರದಿಯಾಯಿತು. ಅದೇ ಆಟಕ್ಕೆ ಬಂದ 'ಸೀಮ್‌ಲೆಸ್ ಕೋ-ಆಪ್' ಎಂಬ ಮಾಡ್‌ನ ಕರ್ತೃ ಇದನ್ನೆಲ್ಲ ಮುಂಗಂಡವನಂತೆ, ತನ್ನ ಆಟದ ಕಡತಗಳಿಗೆ ಬೇರೆಯೇ ವಿಸ್ತರಣಾ ನಾಮ ಕೊಟ್ಟ. ಅಧಿಕೃತ ಆಟ ಅವನ್ನು ಗುರುತಿಸುವುದೇ ಇಲ್ಲ. ಮಡಿಯ ಪಾತ್ರೆ ಬೇರೆ, ಮೈಲಿಗೆಯ ಪಾತ್ರೆ ಬೇರೆ ಎಂಬ ನಮ್ಮ ಅಜ್ಜಿಯ ಕಟ್ಟಳೆ ಇಲ್ಲಿ ಕೆಲಸಕ್ಕೆ ಬಂತು.

ಒಬ್ಬನೇ ಆಡಿದ್ದಕ್ಕೇ ಶಿಕ್ಷೆಯಾದ ಉದಾಹರಣೆ ಒಂದೂ ಇಲ್ಲವೇ ಎಂದರೆ, ಇದೆ. 2010ರಲ್ಲಿ ಬ್ಲಿಝರ್ಡ್ ಸಂಸ್ಥೆ 'ಸ್ಟಾರ್‌ಕ್ರಾಫ್ಟ್ 2' ಆಟದ ಸಾವಿರಾರು ಖಾತೆಗಳ ಮೇಲೆ ಕ್ರಮ ಕೈಗೊಂಡಾಗ, ಯಂತ್ರದೊಡನೆ ಮಾತ್ರ ಹೋರಾಡುವ ಭಾಗದಲ್ಲಿ ಸಹಾಯಕ ತಂತ್ರಾಂಶ ಬಳಸಿದ ಕೆಲವರೂ ಅಮಾನತಾದರು. ಅದರಿಂದ ಗಳಿಸಿದ ಪದಕಗಳು ಆಟಗಾರನ ಸಾರ್ವಜನಿಕ ಪರಿಚಯಪುಟದಲ್ಲಿ ಮೆರೆಯುತ್ತವೆ, ಬೆವರು ಸುರಿಸಿ ಗಳಿಸಿದವರಿಗೆ ಅನ್ಯಾಯವಾಗುತ್ತದೆ ಎಂಬುದು ಸಂಸ್ಥೆಯ ನಿಲುವು. ಈ ಪ್ರಸಂಗ ನನಗೆ ಮುಖ್ಯವೆನಿಸುವುದು ಅದು ತೋರುವ ದಿಕ್ಕಿನಿಂದಾಗಿ. ಒಳಕೋಣೆಗೂ ಕಂಪನಿ ಒಂದು ಕಿಟಕಿ ಕೊರೆಯಿತು, ಪದಕಗಳನ್ನು ಆ ಕಿಟಕಿಯಲ್ಲಿ ತೂಗುಹಾಕಿತು. ಆಮೇಲೆ, 'ನಿಮ್ಮ ಕೋಣೆ ಬೀದಿಗೆ ಕಾಣುತ್ತದೆ, ಆದ್ದರಿಂದ ಅದೂ ಬೀದಿಯೇ' ಎಂದಿತು.

ಇನ್ನೂ ಮುಂದೆ ಹೋದವರಿದ್ದಾರೆ. 2020ರ ಮೇ ತಿಂಗಳಿನಲ್ಲಿ 'ಡೂಮ್ ಎಟರ್ನಲ್' ಆಟದ ತಯಾರಕರು, ಕೊಂಡು ಎರಡು ತಿಂಗಳಾದ ಮೇಲೆ, ಪರಿಷ್ಕರಣೆಯ ನೆಪದಲ್ಲಿ ಗಣಕದ ತಿರುಳಿನಲ್ಲೇ ಕೂತು ಕೆಲಸ ಮಾಡುವ ಮೋಸತಡೆ ತಂತ್ರಾಂಶವನ್ನು ಸೇರಿಸಿದರು. ಆ ಆಟವನ್ನು ಕೊಂಡವರಲ್ಲಿ ಹೆಚ್ಚಿನವರ ಆಸಕ್ತಿ ಒಬ್ಬರೇ ಆಡುವ ಭಾಗದಲ್ಲಿತ್ತು. ಬಾಡಿಗೆದಾರ ಮನೆಯೊಳಗೆ ನೆಲೆಸಿದ ಮೇಲೆ ಮಾಲೀಕ ಬಂದು ದೇವರಕೋಣೆಯಲ್ಲಿ ಕಾವಲುಗಾರನನ್ನು ಕೂರಿಸಿದ ಹಾಗಾಯಿತು. ಪ್ರತಿಭಟನೆ ಜೋರಾಗಿ, ಕೆಲವೇ ದಿನಗಳಲ್ಲಿ ಅದನ್ನು ತೆಗೆಯುವುದಾಗಿ ಘೋಷಿಸಿದರು. ತಿರುಳು ಎಂದರೇನು, ಅಲ್ಲಿ ತಪ್ಪಾದರೆ ಏನಾಗುತ್ತದೆ ಎಂಬುದು ಆಟವಾಡದ ಓದುಗರಿಗೂ ಗೊತ್ತಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಅದೇ ಜಾಗದಲ್ಲಿ ಎಡವಿ ಸುಮಾರು 85 ಲಕ್ಷ ಗಣಕಗಳು ನೀಲಿಗಟ್ಟಿದವು. ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಸರತಿ ಬೆಳೆಯಿತು, ಕೆಲವೆಡೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಹಂಚಿದರು. ಅದು ಆಟದ ತಂತ್ರಾಂಶವಲ್ಲ, ನಿಜ. ಆದರೆ ಕೂರುವ ಪೀಠ ಒಂದೇ. 'ಗೆನ್ಶಿನ್ ಇಂಪ್ಯಾಕ್ಟ್' ಎಂಬ ಚೀನೀ ಆಟದ ಮೋಸತಡೆ ಚಾಲಕವನ್ನೇ ಬಳಸಿಕೊಂಡು ಒತ್ತೆಹಣ ಸುಲಿಯುವವರು ವೈರಸ್‌ತಡೆ ತಂತ್ರಾಂಶವನ್ನು ಕೊಂದದ್ದನ್ನು ಟ್ರೆಂಡ್ ಮೈಕ್ರೋ ಸಂಸ್ಥೆ 2022ರ ಆಗಸ್ಟ್‌ನಲ್ಲಿ ಬಯಲು ಮಾಡಿತು.

ಒಬ್ಬನ ಆಟದ ಮೇಲೆ ಕಂಪನಿಗಳಿಗೇಕೆ ಇಷ್ಟು ಕಣ್ಣು? ವಂಚನೆಯ ಭಯ ಒಂದು ಕಾರಣ. ವ್ಯಾಪಾರ ಇನ್ನೊಂದು. ಗ್ರ್ಯಾಂಡ್ ಥೆಫ್ಟ್ ಆಟೊದ ಜಗಲಿಯಲ್ಲಿ ಆಟದ ಹಣವನ್ನು ನಿಜವಾದ ಹಣಕ್ಕೆ ಮಾರುತ್ತಾರೆ. ಆ ಹಣವನ್ನು ಪುಕ್ಕಟೆಯಾಗಿ ಸೃಷ್ಟಿಸುವವನು ಅವರಿಗೆ ಖೋಟಾನೋಟು ಅಚ್ಚು ಹಾಕುವವನಿದ್ದಂತೆ. ಜಪಾನಿನ ಕ್ಯಾಪ್ಕಾಮ್ ಸಂಸ್ಥೆ 2023ರಲ್ಲಿ ತನ್ನ ತಾಂತ್ರಿಕ ಉಪನ್ಯಾಸವೊಂದರಲ್ಲಿ, ಮೋಸ ಮತ್ತು ನಕಲು ತಡೆಯುವ ದೃಷ್ಟಿಯಿಂದ, ತಾನು ಅಧಿಕೃತವಾಗಿ ಬೆಂಬಲಿಸದ ಎಲ್ಲ ಮಾರ್ಪಾಡುಗಳೂ ಮೋಸಕ್ಕೆ ಸಮಾನವೆಂಬ ವ್ಯಾಖ್ಯಾನ ಕೊಟ್ಟಿತು. ತಂತ್ರಜ್ಞನ ಮಾತಾಗಿ ಅದು ಪ್ರಾಮಾಣಿಕ. ಎರಡರ ಉಪಾಯ ಒಂದೇ ಎಂದು ನಾನೂ ಈಗಷ್ಟೇ ಹೇಳಿದೆ. ಆದರೆ ನೀತಿಯಾಗಿ ಅದು ಒಪ್ಪತಕ್ಕದ್ದಲ್ಲ. ಹಣ ಕೊಟ್ಟು ಕೊಂಡ ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಬರೆಯುವವನನ್ನೂ ಗ್ರಂಥಾಲಯದ ಪುಸ್ತಕದ ಹಾಳೆ ಹರಿಯುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು.

ನ್ಯಾಯಾಲಯಗಳು ಈ ವಿಷಯದಲ್ಲಿ ಕಂಪನಿಗಳಿಗಿಂತ ಉದಾರವಾಗಿವೆ ಎಂಬುದು ನನಗೆ ಅಚ್ಚರಿ ತಂದಿತು. ನಿಂಟೆಂಡೊ ಆಟಗಳಲ್ಲಿ ಜೀವಗಳ ಸಂಖ್ಯೆ ಹೆಚ್ಚಿಸಿಕೊಳ್ಳಲು ನೆರವಾಗುತ್ತಿದ್ದ 'ಗೇಮ್ ಜೀನಿ' ಎಂಬ ಸಾಧನ ಹಕ್ಕುಸ್ವಾಮ್ಯವನ್ನು ಉಲ್ಲಂಘಿಸುವುದಿಲ್ಲವೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 1992ರಲ್ಲೇ ಹೇಳಿತು. ಸೋನಿ ಮತ್ತು ಡೇಟಲ್ ನಡುವಣ ವ್ಯಾಜ್ಯದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2024ರ ಅಕ್ಟೋಬರ್ 17ರಂದು, ಆಟ ನಡೆಯುವಾಗ ಸ್ಮೃತಿಯಲ್ಲಿ ಬಂದುಹೋಗುವ ಅಂಕಿಗಳನ್ನಷ್ಟೇ ಬದಲಿಸುವುದು ತಂತ್ರಾಂಶದ ಹಕ್ಕುಸ್ವಾಮ್ಯಕ್ಕೆ ಧಕ್ಕೆಯಲ್ಲ ಎಂದು ತೀರ್ಪು ನೀಡಿತು. ಹಾಸನದ ಹುಡುಗ ಮಾಡಿದ್ದೂ ಅದನ್ನೇ. ಆದರೆ ಈ ತೀರ್ಪುಗಳಿಂದ ಅವನಿಗೇನೂ ಉಪಯೋಗವಿಲ್ಲ. ಅವನು ಹೋರಾಡಬೇಕಿರುವುದು ಹಕ್ಕುಸ್ವಾಮ್ಯದೊಡನಲ್ಲ, 'ಒಪ್ಪಿದ್ದೇನೆ' ಎಂದು ತಾನೇ ಒತ್ತಿದ ಗುಂಡಿಯೊಡನೆ. ಆ ಕರಾರನ್ನು ಪೂರ್ತಿ ಓದಿದವರನ್ನು ನಾನಿನ್ನೂ ಕಂಡಿಲ್ಲ. ಕರಾರಿನ ಪ್ರಕಾರ ನಾವು ಆಟವನ್ನು ಕೊಂಡಿಲ್ಲ, ಆಡುವ ಪರವಾನಗಿಯನ್ನಷ್ಟೇ ಪಡೆದಿದ್ದೇವೆ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂಬ ಕಾನೂನು 2025ರ ಜನವರಿಯಿಂದ ಜಾರಿಗೆ ಬಂದಿದೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ 'ಅನ್ಯಾಯದ ಕರಾರು' ಎಂಬ ಪರಿಕಲ್ಪನೆಯನ್ನು ತಂದಿತು. ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರನ್ನು ಮುಗಿಸುವ ಅಧಿಕಾರ ಕೊಡುವ ಷರತ್ತು ಅದರ ವ್ಯಾಖ್ಯೆಯಲ್ಲಿ ಹೆಸರಿಸಿಯೇ ಇದೆ. ಎರಡು ಸಾವಿರ ರೂಪಾಯಿಯ ಆಟಕ್ಕಾಗಿ ಆಯೋಗದ ಮೆಟ್ಟಿಲು ಹತ್ತುವವರು ಯಾರು ಎಂಬುದು ಬೇರೆ ಮಾತು.

ನನ್ನ ಮಟ್ಟಿಗೆ ಪರಿಹಾರ ತಂತ್ರಜ್ಞಾನದಲ್ಲೇ ಇದೆ, ಮತ್ತು ಅದು ಬಹಳ ಸರಳ. ಹೊಸಿಲು ಕಣ್ಣಿಗೆ ಕಾಣಬೇಕು. 2019ರ ಡಿಸೆಂಬರ್‌ನಲ್ಲಿ ಗಣಕಕ್ಕೆ ಬರಲಾರಂಭಿಸಿದ 'ಹೇಲೊ: ದಿ ಮಾಸ್ಟರ್ ಚೀಫ್ ಕಲೆಕ್ಷನ್' ಆಟವನ್ನು ತೆರೆಯುವಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ: ಮೋಸತಡೆಯೊಡನೆ ಆಡುತ್ತೀರೋ, ಇಲ್ಲದೆಯೋ? ಇಲ್ಲದೆ ಎಂದರೆ ಮಾಡ್‌ಗಳಿಗೆ ಸ್ವಾಗತ, ಸ್ಪರ್ಧೆಯ ಜಗಲಿಗೆ ಬೀಗ. ರಾಕ್‌ಸ್ಟಾರ್ ಕೂಡ 2024ರ ಸೆಪ್ಟೆಂಬರ್‌ನಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೊಗೆ 'ಬ್ಯಾಟಲ್‌ಐ' ಎಂಬ ಕಾವಲುಗಾರನನ್ನು ನೇಮಿಸಿದಾಗ, ಕಥಾಭಾಗವನ್ನಷ್ಟೇ ಆಡುವವರು ಅವನನ್ನು ಮನೆಗೆ ಕಳಿಸಲು ಒಂದು ಗುಂಡಿ ಕೊಟ್ಟಿತು. ಅವನಿಲ್ಲದೆ ಜಗಲಿಗೆ ಹೋಗಲಾಗದು, ಅಷ್ಟೆ. ಹಾಸನದ ಹುಡುಗನ ಆಟದಲ್ಲಿ ಇಂಥದೊಂದು ಗುಂಡಿ ಇದ್ದಿದ್ದರೆ ಅವನ ಮರೆವಿಗೆ ಸಿಗುತ್ತಿದ್ದ ಶಿಕ್ಷೆ, 'ಒಳಗೆ ಬರಲಾಗದು' ಎಂಬ ಒಂದು ಫಲಕ ಮಾತ್ರ.

ಮುಂದಿನ ಭಾನುವಾರ ಮೈಸೂರಿಗೆ ಹೋದಾಗ ಸೋದರಳಿಯನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಇಡೀ ಆಟದ ಕಡತಕೋಶವನ್ನು ಇನ್ನೊಂದು ಜಾಗಕ್ಕೆ ನಕಲು ಮಾಡಿಸಿದೆ. ಒಂದು ಮಡಿ, ಒಂದು ಮೈಲಿಗೆ. ಆಟೊ ಇರುವುದು ಎರಡನೆಯದರಲ್ಲಿ ಮಾತ್ರ. ಉಳಿಸಿಟ್ಟ ಆಟದ ಕಡತಗಳ ಪ್ರತಿಯನ್ನೂ ತೆಗೆದಿಡಿಸಿದೆ. ಕಾವಲುಗಾರನನ್ನು ಕಳಿಸುವ ಗುಂಡಿಯನ್ನು ಅವನ ಕೈಯಿಂದಲೇ ಒತ್ತಿಸಿದೆ. ನನ್ನ ಸಮಾಧಾನಕ್ಕೆ ಅಂತರಜಾಲದ ತಂತಿಯನ್ನೂ ಕಿತ್ತಿಟ್ಟೆ. ಅವನು ನಕ್ಕ, ಆದರೆ ಬೇಡವೆನ್ನಲಿಲ್ಲ. ಹಾಸನದ ಗೆಳೆಯನ ಪರವಾಗಿ ಇಬ್ಬರೂ ಕೂತು ಇನ್ನೊಂದು ಮನವಿ ಬರೆದೆವು. ಯಾವ ದಿನ, ಎಷ್ಟು ಗಂಟೆಗೆ, ಯಾವ ತಂತ್ರಾಂಶ, ಯಾಕೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದೆವು. ಇದನ್ನು ಬರೆಯುವ ಹೊತ್ತಿಗೂ ಉತ್ತರ ಬಂದಿಲ್ಲ.

ಆಮೇಲೆ ಆಟ ಶುರುವಾಯಿತು. ಲಾಸ್ ಸಾಂಟೋಸ್‌ನ ಕಡಲ ದಂಡೆಯಲ್ಲಿ, ತಾಳೆಮರಗಳ ಸಾಲಿನ ನಡುವೆ, ಶಂಕರ್‌ನಾಗ್‌ನನ್ನು ಬೆನ್ನಿಗೆ ಕಟ್ಟಿಕೊಂಡ ಹಸಿರು-ಹಳದಿ ಆಟೊ ಗಡಗಡ ಸದ್ದು ಮಾಡುತ್ತಾ ಹೊರಟಿತು. ಪರೀಕ್ಷಕನ ಬುದ್ಧಿ ಸುಮ್ಮನಿರಬೇಕಲ್ಲ. 'ಎಲ್ಲಾ ಸರಿಯಾಗಿದೆ ಕಣೋ, ಆದರೆ ಮೀಟರ್ ಓಡ್ತಾ ಇಲ್ಲ' ಎಂದೆ.

'ಬೆಂಗಳೂರು ಆಟೊ ಅಲ್ವಾ ಮಾವ' ಎಂದ.